ಬರ್ಡ್ ಬಾಕ್ಸ್: ನೋಡಿದವರ ಪ್ರಶ್ನೆಗಳು, ತಕರಾರುಗಳು, ಒಂದಿಷ್ಟು ಉತ್ತರಗಳು

ನಾನು ಹಾರರ್ ಸಿನಿಮಾ ಜಾಸ್ತಿ ನೋಡುವವಳು ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಈ ಸಿನಿಮಾದ ಬಗ್ಗೆ. 2018ರಲ್ಲಿ ಬಂದಿದ್ದು. ಇಷ್ಟು ವರ್ಷ ಆದರೂ ಪ್ರಶ್ನೆ ನಿಂತಿಲ್ಲ. ನಿನ್ನೆ ನೋಡಿದವರು ಇವತ್ತು ಕೇಳುತ್ತಾರೆ, ಆಗಲೇ ನೋಡಿದವರು ಇನ್ನೂ ಜಗಳ ಆಡುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲ ಮೂರು ಪ್ರಶ್ನೆಗಳಲ್ಲಿ ಗುಟ್ಟು ಏನೂ ಬಿಟ್ಟುಕೊಟ್ಟಿಲ್ಲ. ಆಮೇಲಿನದೆಲ್ಲ ಸಿನಿಮಾ ನೋಡಿದವರಿಗೆ. ನೋಡದೆ ಓದಿ ಆಮೇಲೆ ನನ್ನನ್ನು ಬೈಯಬೇಡಿ.

ಕಥೆ ಏನು? ಚಿಕ್ಕದಾಗಿ ಹೇಳಿ.

ಯಾವುದೋ ಒಂದು ಶಕ್ತಿ ಭೂಮಿಗೆ ಬಂದಿದೆ. ಅದನ್ನು ಕಣ್ಣಾರೆ ಕಂಡವರು ಆ ಕ್ಷಣವೇ ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆ. ಊರು, ಸರ್ಕಾರ, ಆಸ್ಪತ್ರೆ ಎಲ್ಲ ಕೆಲವೇ ದಿನದಲ್ಲಿ ಮುಗಿದುಹೋಗುತ್ತವೆ. ಉಳಿದವರು ಕಿಟಕಿಗೆ ಪರದೆ ಹಾಕಿಕೊಂಡು, ಹೊರಗೆ ಹೋಗುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬದುಕುತ್ತಿದ್ದಾರೆ. ಮ್ಯಾಲರಿ ಅನ್ನುವ ಹೆಂಗಸು ಐದು ವರ್ಷದ ಇಬ್ಬರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು, ಮೂವರೂ ಕಣ್ಣು ಕಟ್ಟಿಕೊಂಡೇ, ನದಿಯಲ್ಲಿ ಎರಡು ದಿನದ ದಾರಿ ಹೊರಡುತ್ತಾಳೆ. ಜೊತೆಗೆ ಒಂದು ಪೆಟ್ಟಿಗೆಯಲ್ಲಿ ಪುಟ್ಟ ಹಕ್ಕಿಗಳು. ನದಿಯ ಕಥೆಯ ಮಧ್ಯೆ ಮಧ್ಯೆ ಐದು ವರ್ಷ ಹಿಂದಿನ ಕಥೆ ಬಂದು ಹೋಗುತ್ತಿರುತ್ತದೆ.

ಮ್ಯಾಲರಿಯಾಗಿ ಸಾಂಡ್ರಾ ಬುಲಕ್ ಇದ್ದಾರೆ. ನಿರ್ದೇಶಕಿ ಡೆನ್ಮಾರ್ಕಿನ ಸುಸಾನೆ ಬಿಯರ್. ಚಿತ್ರಕಥೆ ಎರಿಕ್ ಹೈಸರರ್ ಅವರದು. ಅವಧಿ ಎರಡು ಗಂಟೆ ನಾಲ್ಕು ನಿಮಿಷ.

ತುಂಬಾ ಭಯ ಆಗುತ್ತಾ? ಮಕ್ಕಳ ಜೊತೆ ನೋಡಬಹುದಾ?

ಬೆಚ್ಚಿಬೀಳಿಸುವ ದೃಶ್ಯಗಳು ಕಡಿಮೆ. ರಕ್ತ ಇದೆ, ಆದರೆ ಸುರಿಯುವುದಿಲ್ಲ. ಭಯಕ್ಕಿಂತ ಉಸಿರು ಹಿಡಿದು ಕೂರಿಸುವ ಜಾತಿಯ ಸಿನಿಮಾ. ಆದರೂ ಮಕ್ಕಳ ಜೊತೆ ಬೇಡ. ಅಮೆರಿಕದಲ್ಲಿ ಇದಕ್ಕೆ ಆರ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಯಲ್ಲೇ ನೋಡಬೇಕು.

ಇನ್ನೊಂದು ಮಾತು. ಇದರಲ್ಲಿ ಆತ್ಮಹತ್ಯೆಯ ದೃಶ್ಯಗಳು ಒಂದಾದ ಮೇಲೊಂದು ಬರುತ್ತವೆ. ಮೊದಲ ಅರ್ಧ ಗಂಟೆಯಲ್ಲೇ ಜಾಸ್ತಿ. ಮನೆಯಲ್ಲಿ ಅಂಥ ಸಾವು ಕಂಡವರಿಗೆ, ಮನಸ್ಸು ಸರಿ ಇಲ್ಲದ ದಿನಗಳಲ್ಲಿ ಇರುವವರಿಗೆ ಇದು ಬೇಡ ಅಂತ ನಾನು ನೇರವಾಗಿ ಹೇಳುತ್ತೇನೆ. ಸಿನಿಮಾ ಎಲ್ಲಿಗೂ ಓಡಿಹೋಗುವುದಿಲ್ಲ. ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಷ್ಟೊಂದು ಜನ ನೋಡಿದ್ದು ನಿಜವಾ? ಅಷ್ಟು ಚೆನ್ನಾಗಿದೆಯಾ?

ಎರಡು ಬೇರೆ ಬೇರೆ ಪ್ರಶ್ನೆ. ನೋಡಿದ್ದಂತೂ ನಿಜ. ಡಿಸೆಂಬರ್ 21ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಮೊದಲ ಏಳು ದಿನದಲ್ಲಿ 4,50,37,125 ಖಾತೆಗಳಲ್ಲಿ ಓಡಿದೆ ಅಂತ ಕಂಪನಿಯೇ ಹೇಳಿಕೊಂಡಿತು. ಆಗೆಲ್ಲ ತಾನಾಗಿ ಲೆಕ್ಕ ಬಿಟ್ಟುಕೊಡದಿದ್ದ ಕಂಪನಿ ಕೊನೆಯ ಐದರವರೆಗೂ ಎಣಿಸಿ ಹೇಳಿದ್ದೇ ಒಂದು ಸುದ್ದಿಯಾಯಿತು. ಮೊದಲ 28 ದಿನದಲ್ಲಿ ಜನ ಒಟ್ಟು 28.2 ಕೋಟಿ ಗಂಟೆ ಇದನ್ನು ನೋಡಿದ್ದರು ಅಂತ ಆಮೇಲೆ ಗೊತ್ತಾಯಿತು. 2021ರ ಕೊನೆಯವರೆಗೂ ನೆಟ್‌ಫ್ಲಿಕ್ಸ್‌ನ ಯಾವ ಸಿನಿಮಾವೂ ಇದನ್ನು ದಾಟಲಿಲ್ಲ.

ಚೆನ್ನಾಗಿದೆಯಾ ಅಂದರೆ, ವಿಮರ್ಶಕರಲ್ಲೇ ಒಮ್ಮತ ಇಲ್ಲ. ಬುಲಕ್ ನಟನೆಯನ್ನು ಹೆಚ್ಚು ಕಡಿಮೆ ಎಲ್ಲರೂ ಹೊಗಳಿದರು, ಕಥೆಯನ್ನು ಅರ್ಧ ಜನ ಮಾತ್ರ. ಕ್ರಿಸ್‌ಮಸ್ ರಜೆ, ಮನೆಯವರೆಲ್ಲ ಒಂದೇ ಸೋಫಾ ಮೇಲೆ, ಫೋನ್ ತುಂಬ ಕಣ್ಣುಪಟ್ಟಿಯ ಮೀಮ್‌ಗಳು. ನೋಡದೇ ಇದ್ದರೆ ಮೀಮ್ ಅರ್ಥ ಆಗಲ್ಲ, ಅದಕ್ಕೇ ನೋಡಿದವರೂ ಸಾಕಷ್ಟು ಮಂದಿ. ನಾನೂ ಮೊದಲ ಸಲ ಹಾಗೇ ನೋಡಿದ್ದು.

ಇಲ್ಲಿಂದ ಮುಂದೆ ಕಥೆ ಪೂರ್ತಿ ಬಯಲು.

ಆ ಜೀವಿಯನ್ನು ಕೊನೆಗೂ ತೋರಿಸಲಿಲ್ಲ. ಮೋಸ ಅಲ್ವಾ?

ಅತಿ ಹೆಚ್ಚು ಬರುವ ದೂರು ಇದೇ. "ಎರಡು ಗಂಟೆ ಕಾದೆ, ಎಲೆ ಹಾರಿದ್ದು ಬಿಟ್ಟು ಏನೂ ಕಾಣಲಿಲ್ಲ" ಅನ್ನುತ್ತಾರೆ.

ಮಜಾ ಅಂದರೆ, ತೋರಿಸಲು ಪ್ರಯತ್ನ ಮಾಡಿದ್ದರು. ಒಂದು ಕನಸಿನ ದೃಶ್ಯಕ್ಕೆ ಜೀವಿಯನ್ನು ತಯಾರು ಮಾಡಿ ಚಿತ್ರೀಕರಣವೂ ಆಗಿತ್ತು. ಅದು ನೋಡಲು ಉದ್ದನೆಯ ದಪ್ಪ ಮಗುವಿನ ಹಾಗಿತ್ತು, ನನಗೆ ನಗು ತಡೆಯಲಾಗಲಿಲ್ಲ ಅನ್ನುವ ಅರ್ಥದಲ್ಲಿ ಬುಲಕ್ ಆಮೇಲೆ ಹೇಳಿಕೊಂಡರು. ಕೊನೆಗೆ ಆ ದೃಶ್ಯವನ್ನೇ ಕಿತ್ತುಹಾಕಿದರು. ಒಳ್ಳೆಯದೇ ಆಯಿತು.

ಆದರೆ ಮಗುವಿನ ಹಾಗಿತ್ತು ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬೇಡದ ಬಸಿರು ಹೊತ್ತ ಹೆಂಗಸಿನ ಕೆಟ್ಟ ಕನಸಿನಲ್ಲಿ ಮಗುವಿನ ಆಕಾರವೇ ಬಂದರೆ ಅದಕ್ಕೆ ಅರ್ಥ ಇಲ್ಲದೇ ಇರುತ್ತಾ? ದೃಶ್ಯ ಹೋಯಿತು, ಆ ಯೋಚನೆ ಮಾತ್ರ ಸಿನಿಮಾದ ಉದ್ದಕ್ಕೂ ಉಳಿದಿದೆ. ಹೊರಗಿನ ಜೀವಿಗಿಂತ ಒಳಗಿನ ಮಗುವಿಗೇ ಮ್ಯಾಲರಿ ಮೊದಲಿಂದ ಹೆದರಿದವಳು. ನನ್ನ ಮಟ್ಟಿಗೆ ಸಿನಿಮಾ ಇರುವುದೇ ಅಲ್ಲಿ.

ಮಕ್ಕಳಿಗೆ ಐದು ವರ್ಷ ಹೆಸರೇ ಇಡದೆ 'ಬಾಯ್', 'ಗರ್ಲ್' ಅಂತ ಕರೆಯುತ್ತಾಳಲ್ಲ, ಇದೆಂಥ ತಾಯಿ?

ಇದನ್ನು ನಮ್ಮಮ್ಮನೂ ಕೇಳಿದ್ದರು. ಸಿನಿಮಾ ಶುರುವಾಗಿ ಐದು ನಿಮಿಷ ಆಗಿರಲಿಲ್ಲ. "ಯಾಕೆ ಹೀಗೆ ಗದರ್ತಾಳೆ ಆ ಮಕ್ಕಳನ್ನ? ಹೆಸರು ಹಿಡಿದು ಕರೆಯೋಕೂ ಬರಲ್ವಾ?"

ನಮ್ಮ ಮನೆಗಳಲ್ಲೂ ನಾಮಕರಣ ಆಗುವವರೆಗೆ ಪಾಪು, ಪುಟ್ಟ, ಪುಟ್ಟಿ ಅಂತಲೇ ಕರೆಯುತ್ತೇವೆ. ಕೆಲವರಿಗೆ ಅದು ಅರವತ್ತು ವರ್ಷವಾದರೂ ಬಿಡುವುದಿಲ್ಲ. ನನ್ನ ಸೋದರಮಾವನಿಗೆ ಮೊಮ್ಮಕ್ಕಳಿದ್ದಾರೆ, ಊರಿಗೆಲ್ಲ ಇನ್ನೂ ಪುಟ್ಟಣ್ಣ. ಆದರೆ ಪುಟ್ಟ ಅನ್ನುವುದರಲ್ಲಿ ಮುದ್ದಿದೆ. ಮ್ಯಾಲರಿಯ 'ಬಾಯ್', 'ಗರ್ಲ್'ನಲ್ಲಿ ಅದಿಲ್ಲ. ಅಂಗಡಿಯವನು ಡಬ್ಬಿಗೆ ಚೀಟಿ ಅಂಟಿಸಿದ ಹಾಗಿದೆ.

ಯಾಕೆ ಅಂದರೆ, ಹೆಸರಿಟ್ಟರೆ ನಂಟು ಶುರುವಾಗುತ್ತದೆ. ಅವಳ ಲೆಕ್ಕದಲ್ಲಿ ಈ ಮಕ್ಕಳು ಯಾವತ್ತು ಬೇಕಾದರೂ ಸಾಯಬಹುದು. ಅಕ್ಕ ಕಣ್ಣೆದುರೇ ಲಾರಿಗೆ ಅಡ್ಡ ನಿಂತು ಸತ್ತಿದ್ದಾಳೆ. ಆಶ್ರಯ ಕೊಟ್ಟ ಮನೆಯವರು ಒಬ್ಬೊಬ್ಬರಾಗಿ ಹೋಗಿದ್ದಾರೆ. ಹೆಸರಿಲ್ಲದಿದ್ದರೆ ಕಳೆದುಕೊಂಡಾಗ ನೋವು ಕಡಿಮೆ ಅಂತ ಅವಳು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಾಳೆ. ಇದನ್ನು ಸಿನಿಮಾ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮೊದಲ ದೃಶ್ಯಗಳಲ್ಲಿ ಅವಳು ಬಿಡಿಸುತ್ತಿರುವ ಚಿತ್ರ ನೋಡಿ. ಜನ ಒಟ್ಟಿಗೆ ಕೂತಿದ್ದಾರೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಹಾಗೆ. ಲೋಕ ಮುಳುಗುವ ಮೊದಲೇ ಅವಳು ಹಾಗಿದ್ದಳು.

ಹಾಗಾದರೆ ಮ್ಯಾಲರಿ ಒಳ್ಳೆಯ ತಾಯಿಯಾ, ಕೆಟ್ಟ ತಾಯಿಯಾ?

ಈ ಪ್ರಶ್ನೆಗೇ ಪ್ರೇಕ್ಷಕರು ಎರಡು ಪಾಲಾಗುವುದು.

ಒಂದು ಗುಂಪಿನ ವಾದ: ಪ್ರೀತಿ ತೋರಿಸುತ್ತ ಕೂರಲು ಅವಳಿಗೆ ಪುರುಸೊತ್ತೆಲ್ಲಿ? ಐದು ವರ್ಷದ ಮಗು ಒಂದು ಸಲ ಕಣ್ಣುಪಟ್ಟಿ ಸರಿಸಿದರೆ ಮುಗಿಯಿತು. ಎರಡನೇ ಅವಕಾಶ ಇಲ್ಲ. ಬಾವಿಯ ಹತ್ತಿರ ಹೋಗುವ ಮಗುವಿಗೆ ನಾವು ನಯವಾಗಿ ಬುದ್ಧಿ ಹೇಳುತ್ತೇವಾ? ಕಿರುಚಿ ಎಳೆದುಕೊಳ್ಳುತ್ತೇವೆ. ಅವಳಿಗೆ ಇಡೀ ಲೋಕವೇ ಬಾವಿ.

ಇನ್ನೊಂದು ಗುಂಪು: ಮಕ್ಕಳು ಬದುಕಿರುವುದು ಸರಿ, ಆದರೆ ಒಂದು ದಿನವೂ ನಗದೆ ಬದುಕುವುದು ಯಾಕೆ? ಸಿನಿಮಾದೊಳಗೆ ಈ ವಾದ ಮಾಡುವವನು ಟಾಮ್, ಆಶ್ರಯದ ಮನೆಯಲ್ಲಿ ಸಿಕ್ಕಿ ಮ್ಯಾಲರಿಯ ಜೊತೆಗಾರನಾದವನು. ಅವನು ಮಕ್ಕಳಿಗೆ ಮರ ಹತ್ತಿದ ಕಥೆ ಹೇಳುತ್ತಾನೆ. ಬೇರೆ ಮಕ್ಕಳು, ಆಟ, ಆಕಾಶ. ಮ್ಯಾಲರಿ ಸಿಡಿದುಬೀಳುತ್ತಾಳೆ. ಎಂದೂ ಸಿಗದ್ದನ್ನು ಯಾಕೆ ಆಸೆ ತೋರಿಸುತ್ತೀಯ ಅಂತ. ಉಸಿರಾಡುತ್ತಿರುವುದೇ ಬದುಕಲ್ಲ ಅಂತ ಅವನ ಉತ್ತರ.

ಮೊದಲ ಸಲ ನೋಡಿದಾಗ ನಾನು ಟಾಮ್ ಕಡೆ ಇದ್ದೆ. ಈಗ ಯಾವ ಕಡೆಯೂ ಇಲ್ಲ. ಟಾಮ್ ಕಥೆ ಹೇಳುವಷ್ಟು ಹಗುರವಾಗಿ ಇರಲು ಆಗಿದ್ದೇ ಮ್ಯಾಲರಿ ಆ ಕಡೆ ಕಾವಲು ನಿಂತಿದ್ದರಿಂದ. ಮನೆಯಲ್ಲಿ ಒಬ್ಬರು ಬೈಯುವವರು, ಒಬ್ಬರು ಮುದ್ದು ಮಾಡುವವರು ಅಂತ ಆಗಿಬಿಡುತ್ತದಲ್ಲ, ಹಾಗೆ. ಮುದ್ದು ಮಾಡುವವರಿಗೆ ಒಳ್ಳೆಯ ಹೆಸರು ಸಲೀಸಾಗಿ ಸಿಗುತ್ತದೆ. ಟಾಮ್ ಸತ್ತ ಮೇಲೆ ಎರಡೂ ಕೆಲಸ ಅವಳ ತಲೆಗೇ ಬಂತು. ಅವಳಿಗೆ ಗೊತ್ತಿದ್ದದ್ದು ಒಂದೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಇದೆ. ಹೆತ್ತ ಮಾತ್ರಕ್ಕೆ ಮುದ್ದು ತಾನಾಗಿ ಬಂದುಬಿಡುತ್ತದೆ ಅಂತ ಅದರ ನಂಬಿಕೆ. ಬರದೇ ಇದ್ದರೆ ಏನು ಮಾಡುವುದು ಅಂತ ಗಾದೆಯಲ್ಲಿ ಇಲ್ಲ. ಈ ಸಿನಿಮಾ ಆ ಜಾಗದಲ್ಲಿ ನಿಂತು ಕೇಳುತ್ತದೆ.

ನದಿ ರಭಸವಾಗುವ ಕಡೆ ಯಾರಾದರೂ ಒಬ್ಬರು ನೋಡಲೇಬೇಕು ಅನ್ನುವ ದೃಶ್ಯ ಇದೆಯಲ್ಲ, ಅಲ್ಲಿ ಅವಳ ಮನಸ್ಸಲ್ಲಿ ಏನಿತ್ತು?

ಇಡೀ ಸಿನಿಮಾದಲ್ಲಿ ಅತ್ಯಂತ ಕ್ರೂರವಾದ ದೃಶ್ಯ ಇದು. ಒಂದು ಹನಿ ರಕ್ತ ಇಲ್ಲ.

ಮುಂದೆ ಬಂಡೆ, ಸುಳಿ, ನುಗ್ಗುವ ನೀರು. ಕಣ್ಣು ಕಟ್ಟಿಕೊಂಡು ದೋಣಿ ದಾಟಿಸಲು ಆಗದು. ಕಾಳಿ ನದಿಯಲ್ಲಿ ರಾಫ್ಟಿಂಗ್ ಹೋದವರಿಗೆ ಗೊತ್ತು, ಕಣ್ಣು ಬಿಟ್ಟುಕೊಂಡಿದ್ದರೂ ಗೈಡ್ ಕೂಗಿದ ಕಡೆ ಹುಟ್ಟು ಹಾಕುವಷ್ಟರಲ್ಲಿ ತಲೆ ಕೆಟ್ಟಿರುತ್ತದೆ. ಇಲ್ಲಿ ದಾರಿ ಹೇಳಲು ಒಬ್ಬರು ಕಣ್ಣುಪಟ್ಟಿ ತೆಗೆಯಬೇಕು. ತೆಗೆದವರು ಉಳಿಯುವುದಿಲ್ಲ. ಮ್ಯಾಲರಿ ತಾನೇ ನೋಡಿದರೆ ಹುಟ್ಟು ಹಾಕುವವರಿಲ್ಲ, ಮೂವರೂ ಮುಳುಗಿದ ಹಾಗೆ. ಅಂದರೆ ಇಬ್ಬರು ಮಕ್ಕಳಲ್ಲಿ ಒಬ್ಬರು. ಯಾರು ಅಂತ ನಾನು ಹೇಳುತ್ತೇನೆ ಅನ್ನುತ್ತಾಳೆ.

ಒಬ್ಬ ಅವಳೇ ಹೆತ್ತ ಮಗ. ಇನ್ನೊಬ್ಬಳು ಒಲಿಂಪಿಯಾ ಅನ್ನುವ ಹೆಂಗಸು ಹೆತ್ತು, ಸಾಯುವ ಮೊದಲು ಇವಳ ಕೈಗೆ ಹಾಕಿದ ಮಗಳು. "ಅವಳು ಹುಡುಗಿಯನ್ನೇ ಬಲಿ ಕೊಡಲು ಹೊರಟಿದ್ದಳು, ಅದು ಸ್ಪಷ್ಟ" ಅಂತ ವಾದ ಮಾಡುವವರಿದ್ದಾರೆ. ನನಗೂ ಹಾಗೇ ಕಾಣುತ್ತದೆ. ಅದಕ್ಕಿಂತ ಎದೆಗೆ ಚುಚ್ಚುವುದು ಬೇರೆ. ಆ ಹುಡುಗಿ ತಾನಾಗಿಯೇ ನಾನು ನೋಡುತ್ತೇನೆ ಅನ್ನುತ್ತಾಳೆ. ತಾನು ಇವಳ ಸ್ವಂತ ಮಗಳಲ್ಲ ಅಂತ ಯಾರೂ ಹೇಳಿರುವುದಿಲ್ಲ. ಆದರೂ ಆ ಮನೆಯಲ್ಲಿ ತನ್ನ ಜಾಗ ಎಲ್ಲಿ ಅಂತ ಮಗುವಿಗೆ ಹೇಗೋ ಗೊತ್ತಾಗಿಬಿಟ್ಟಿದೆ. ಮಕ್ಕಳಿಗೆ ಇಂಥದ್ದು ಗೊತ್ತಾಗುತ್ತದೆ. ಸಾಕು ಮಕ್ಕಳಿರುವ ಮನೆಗಳಲ್ಲಿ ಬೆಳೆದವರನ್ನು ಕೇಳಿ.

ಹುಡುಗಿಯ ಆ ಮಾತು ಕೇಳಿದ ಮೇಲೆ ಮ್ಯಾಲರಿಗೆ ಆಗುವುದಿಲ್ಲ. ಯಾರೂ ನೋಡುವುದು ಬೇಡ ಅನ್ನುತ್ತಾಳೆ. ಬುದ್ಧಿವಂತಿಕೆಯ ಲೆಕ್ಕದಲ್ಲಿ ಇದು ತಪ್ಪು ತೀರ್ಮಾನ. ದೋಣಿ ಮಗುಚಿಯೂ ಹೋಗುತ್ತದೆ. ಅಷ್ಟು ಹೊತ್ತೂ ಬದುಕುಳಿಯುವ ಲೆಕ್ಕವನ್ನು ಚೂರೂ ತಪ್ಪದೆ ಹಾಕಿಕೊಂಡು ಬಂದವಳು ಮೊದಲ ಸಲ ಲೆಕ್ಕ ಬಿಟ್ಟಿದ್ದು ಅಲ್ಲಿ.

ಬುಲಕ್ ಅವರು ನಿಜ ಜೀವನದಲ್ಲಿ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡ ತಾಯಿ. ಈ ದೃಶ್ಯದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಅದನ್ನು ನೆನಪಿಸುತ್ತಾರೆ. ಅವರ ಅಳು ನಟನೆ ಅಲ್ಲ ಅಂತಲೂ ಅನ್ನುತ್ತಾರೆ. ಅಷ್ಟು ದೂರ ನಾನು ಹೋಗುವುದಿಲ್ಲ. ಒಳ್ಳೆಯ ನಟಿಗೆ ಅಳು ಬರಲು ಸ್ವಂತ ಕಾರಣ ಬೇಕೇ ಬೇಕು ಅಂತೇನಿಲ್ಲ.

ಇದು ಹೆರಿಗೆ ನಂತರದ ಖಿನ್ನತೆಯ ಕಥೆ ಅನ್ನುತ್ತಾರೆ. ಹೌದಾ?

ಹಾಗೆ ಓದುವವರು ಬಹಳ ಜನ ಇದ್ದಾರೆ, ಅದರಲ್ಲೂ ತಾಯಂದಿರು. ಆ ಓದಿಗೆ ಸಿನಿಮಾದಲ್ಲಿ ಜಾಗ ಇದೆ. ಬಸುರಿಯಾಗಿದ್ದಾಗ ಮ್ಯಾಲರಿ ಅದರ ಮಾತೇ ಎತ್ತುವುದಿಲ್ಲ. ಡಾಕ್ಟರ್ ಅವಳ ಕೈಗೆ ದತ್ತು ಕೊಡುವ ಬಗ್ಗೆ ಒಂದು ಕರಪತ್ರ ಕೊಡುತ್ತಾರೆ. ಆ ಡಾಕ್ಟರ್ ಪಾತ್ರ ಮಾಡಿರುವವರು ಪರ್ಮಿಂದರ್ ನಾಗ್ರಾ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹುಟ್ಟಿದ ಪಂಜಾಬಿ ಮನೆತನದವರು. ಕೊನೆಯಲ್ಲಿ ಮತ್ತೆ ಸಿಗುವವರೂ ಅವರೇ. ಮಗು ಬೇಡ ಅಂದವಳು ಇಬ್ಬರನ್ನು ಕೈಹಿಡಿದು ನಿಂತಿರುತ್ತಾಳೆ.

ನನ್ನ ತಂಗಿಗೆ ಹೆರಿಗೆಯಾದಾಗ ಮನೆ ತುಂಬ ಜನ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬಾಣಂತಿ ಊಟ, ರಾತ್ರಿ ಮಗು ಎತ್ತಿಕೊಳ್ಳಲು ಅಮ್ಮ. ಇಷ್ಟಿದ್ದೂ ಎರಡನೇ ವಾರ ಅವಳು ಗೋಡೆಗೆ ಮುಖ ಮಾಡಿ ಅಳುತ್ತ ಮಲಗಿದ್ದಳು. ಮಗು ನೋಡಿದರೆ ಏನೂ ಅನ್ನಿಸುತ್ತಿಲ್ಲ ಅಂದಳು. ಯಾರಿಗೂ ಹೇಳಬೇಡ ಅಂತಲೂ ಅಂದಳು. ಆಮೇಲೆ ಸರಿಹೋಯಿತು. ಈಗ ಅವಳೇ ಈ ಕಥೆ ಎಲ್ಲರಿಗೂ ಹೇಳುತ್ತಾಳೆ.

ಮ್ಯಾಲರಿಗೆ ಬಾಣಂತನವೇ ಇಲ್ಲ. ಹೆತ್ತ ಮರುಗಳಿಗೆಯಲ್ಲೇ ಕಂಬಳಿ ಹೊದ್ದುಕೊಂಡು, ಎರಡು ಮಕ್ಕಳನ್ನು ಅವುಚಿಕೊಂಡು ಕಣ್ಣು ಮುಚ್ಚಿ ಕೂರಬೇಕು. ಅವಳಿಗೆ ಮಕ್ಕಳ ಮೇಲೆ ಏನೂ ಅನ್ನಿಸುತ್ತಿರಲಿಲ್ಲವೋ, ತೀರಾ ಜಾಸ್ತಿ ಅನ್ನಿಸುತ್ತಿತ್ತೋ, ಅದನ್ನು ತಿಳಿಯುವಷ್ಟು ಬಿಡುವೂ ಸಿಗಲಿಲ್ಲ. ಆದರೆ ಆ ಜೀವಿ ಅಂದರೇ ಖಿನ್ನತೆ, ಕಣ್ಣುಪಟ್ಟಿ ಅಂದರೆ ಇನ್ನೇನೋ ಅಂತ ಒಂದೊಂದಕ್ಕೂ ಗಂಟು ಹಾಕುತ್ತಾ ಹೋದರೆ ಸಿನಿಮಾ ಬಡವಾಗುತ್ತದೆ. ಸುಮ್ನೆ ಅಷ್ಟು ಬಿಗಿಯಾಗಿ ಹಿಡಿಯಬೇಡಿ.

ಮ್ಯಾಲರಿ, ಒಲಿಂಪಿಯಾ ಇಬ್ಬರಿಗೂ ಒಂದೇ ಹೊತ್ತಿಗೆ ಹೆರಿಗೆ ನೋವು ಬರುವುದು ಅತಿ ಆಯಿತು.

ಹೌದು, ಅತಿ. ಒಪ್ಪಿದೆ.

ಮುಂಗೋಪಿ ಡಗ್ಲಸ್ ಹೇಳಿದ್ದೇ ಸರಿ ಅಲ್ವಾ? ಬಾಗಿಲು ತೆಗೆಯದಿದ್ದರೆ ಎಲ್ಲರೂ ಬದುಕುತ್ತಿದ್ದರು.

ಜಾನ್ ಮಾಲ್ಕೊವಿಚ್ ಮಾಡಿರುವ ಪಾತ್ರ. ಹೆಂಡತಿಯನ್ನು ಕಣ್ಣೆದುರೇ ಕಳೆದುಕೊಂಡವನು. ಆಕೆ ರಸ್ತೆಯಲ್ಲಿ ಬಿದ್ದಿದ್ದ ಮ್ಯಾಲರಿಗೆ ಕೈಕೊಡಲು ಹೊರಗೆ ಓಡಿದವಳು. ಹಾಗಾಗಿ ಬಾಗಿಲು ತೆಗೆಯಬಾರದು ಅನ್ನುವ ಅವನ ಹಟ ಬರೀ ಸ್ವಾರ್ಥ ಅಲ್ಲ.

ಲೆಕ್ಕ ಹಾಕಿದರೆ ಅವನು ಸರಿ. ಆಮೇಲೆ ಬಂದು ಬಾಗಿಲು ತಟ್ಟಿದ ಗ್ಯಾರಿ ಅನ್ನುವ ಅಪರಿಚಿತನನ್ನು ಒಳಗೆ ಬಿಟ್ಟಿದ್ದೇ ಎಲ್ಲರ ಸಾವಿಗೆ ಕಾರಣ. ಬಿಟ್ಟವಳು ಒಲಿಂಪಿಯಾ, ಮೃದು ಮನಸ್ಸಿನವಳು. ಆದರೆ ಒಂದು ವಿಷಯ ಮರೆಯುತ್ತೇವೆ. ಒಲಿಂಪಿಯಾ ಬಂದಾಗಲೂ, ಮ್ಯಾಲರಿ ಬಂದಾಗಲೂ ಅವನ ಮಾತು ಕೇಳಿದ್ದರೆ ಆ ಎರಡು ಮಕ್ಕಳೇ ಇರುತ್ತಿರಲಿಲ್ಲ. ಬಾಗಿಲು ತೆಗೆದದ್ದರಿಂದ ಸಾವೂ ಬಂತು, ಕಥೆಯೂ ಬಂತು. ಮಜಾ ಏನೆಂದರೆ, ಆ ಮನೆಯಿಂದ ಹೊರಬಂದ ಮ್ಯಾಲರಿ ಮುಂದಿನ ಐದು ವರ್ಷ ಮಕ್ಕಳನ್ನು ಸಾಕಿದ್ದು ಡಗ್ಲಸ್‌ನ ರೀತಿಯಲ್ಲಿ. ನಿನ್ನನ್ನು ನೋಡಿದರೆ ನನ್ನನ್ನೇ ನೋಡಿದ ಹಾಗೆ ಅಂತ ಅವನು ಹೇಳದಿದ್ದರೂ ನಮಗೆ ಕಾಣುತ್ತದೆ.

ಮಾನಸಿಕ ಕಾಯಿಲೆ ಇರುವವರನ್ನು ವಿಲನ್ ಮಾಡಿದ್ದಾರಲ್ಲ?

ಈ ತಕರಾರು ನ್ಯಾಯವಾದದ್ದು. ಆಸ್ಪತ್ರೆಯಿಂದ ತಪ್ಪಿಸಿಕೊಂಡವರು ಜೀವಿಯನ್ನು ನೋಡಿದರೂ ಸಾಯುವುದಿಲ್ಲ, ಬದಲಿಗೆ ಬೇರೆಯವರ ಕಣ್ಣು ಬಿಡಿಸಿ ಕೊಲ್ಲುತ್ತಾ ತಿರುಗುತ್ತಾರೆ ಅಂತ ಕಥೆ. ಹಾರರ್ ಸಿನಿಮಾಗಳ ಹಳೆಯ ಚಾಳಿ. ಕಾಯಿಲೆ ಇರುವವರು ಅಪಾಯಕಾರಿ ಅಂತ ಇನ್ನೊಂದು ಸಲ ಹೇಳಿದ ಹಾಗಾಯಿತು. ಟಾಮ್ ಹಾಲಂಡರ್ ಗ್ಯಾರಿಯಾಗಿ ಅದ್ಭುತವಾಗಿ ಹೆದರಿಸುತ್ತಾರೆ. ಅದರಿಂದ ತಕರಾರು ಕರಗುವುದಿಲ್ಲ.

ಕೊನೆಗೆ ದೋಣಿಯವರು ಹೋಗಿ ಸೇರುವ ಅಂಧರ ಶಾಲೆ ಇಷ್ಟ ಆಯ್ತಾ? ತೀರಾ ಸಲೀಸಾಗಿ ಮುಗಿಸಿದರು ಅನ್ನಿಸಲಿಲ್ಲವಾ?

ಮೊದಲ ಸಲ ನೋಡಿದಾಗ ಬೆನ್ನುಹುರಿಯಲ್ಲಿ ಚಳಿ ಹರಿದ ಹಾಗಾಯಿತು. ಎಲ್ಲರೂ ನೋಟಕ್ಕೆ ಹೆದರಿ ಸಾಯುವ ಲೋಕದಲ್ಲಿ ನೋಟ ಇಲ್ಲದವರು ಊರು ಕಟ್ಟಿಕೊಂಡಿದ್ದಾರೆ. ಒಳ್ಳೆಯ ಯೋಚನೆ. ಅಂಧರಲ್ಲೂ ಇದನ್ನು ಮೆಚ್ಚಿದವರಿದ್ದಾರೆ. ಹಾಗೇ, ಎರಡು ಗಂಟೆ ಕಣ್ಣು ಕಾಣದಿರುವುದೇ ಅತಿ ದೊಡ್ಡ ಭಯ ಅಂತ ತೋರಿಸಿ, ಕೊನೆಯ ಐದು ನಿಮಿಷ ಅಂಧರನ್ನು ತಂದು ನಿಲ್ಲಿಸಿದರೆ ಆಯಿತಾ ಅಂತ ಕೇಳಿದವರೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಮುಖ್ಯ ಪಾತ್ರ ಆಗಬಹುದಿತ್ತು. ಆ ಮಾತು ನನಗೂ ಸರಿ ಅನ್ನಿಸುತ್ತದೆ.

ಆದರೆ ಆ ಶಾಲೆಯಲ್ಲಿ ಒಂದು ಕೆಲಸ ಆಗಬೇಕಿತ್ತು, ಆಯಿತು. ಅಲ್ಲಿ ಅವಳು ಮಕ್ಕಳಿಗೆ ಹೆಸರು ಇಡುತ್ತಾಳೆ. ಹುಡುಗಿಗೆ ಒಲಿಂಪಿಯಾ, ಹೆತ್ತವಳ ಹೆಸರು. ಹುಡುಗನಿಗೆ ಟಾಮ್, ಸಾಕಿದವನ ಹೆಸರು. ತನ್ನನ್ನು ಅವರ ತಾಯಿ ಅಂತ ಕರೆದುಕೊಳ್ಳುತ್ತಾಳೆ. ನಮ್ಮಲ್ಲಿ ಅಜ್ಜ ಅಜ್ಜಿಯ ಹೆಸರು ಮೊಮ್ಮಕ್ಕಳಿಗೆ ಇಡುವ ಹಾಗೆ, ಹೋದವರನ್ನು ಮತ್ತೆ ಕೂಗಿ ಕರೆಯುವ ಒಂದು ದಾರಿ. ಮೊದಲ ಐದು ನಿಮಿಷಕ್ಕೇ ಬೈದಿದ್ದ ನಮ್ಮಮ್ಮ ಇಲ್ಲಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಇಟ್ಟಳಲ್ಲ ಕೊನೆಗಾದ್ರೂ" ಅಂದರು.

ಎ ಕ್ವೈಟ್ ಪ್ಲೇಸ್ ಕಾಪಿ ಅಲ್ವಾ ಇದು?

ಅಲ್ಲ. ಅದು 2018ರ ಏಪ್ರಿಲ್‌ನಲ್ಲಿ ಬಂತು, ಇದು ಡಿಸೆಂಬರ್‌ನಲ್ಲಿ. ಅಲ್ಲಿ ಸದ್ದು ಮಾಡಬಾರದು, ಇಲ್ಲಿ ನೋಡಬಾರದು. ಎರಡರಲ್ಲೂ ಬಸುರಿ ಹೆಂಗಸು. ಹಾಗಾಗಿ ಜನ ಹಾಗೆ ಅಂದುಕೊಂಡರು. ಆದರೆ ಬರ್ಡ್ ಬಾಕ್ಸ್ 2014ರಲ್ಲಿ ಬಂದ ಕಾದಂಬರಿ. ಅದು ಅಚ್ಚಾಗುವ ಮೊದಲೇ, 2013ರಲ್ಲೇ, ಯೂನಿವರ್ಸಲ್ ಸ್ಟುಡಿಯೊ ಸಿನಿಮಾ ಹಕ್ಕು ಕೊಂಡಿತ್ತು. ಆಮೇಲೆ ಅದು ನೆಟ್‌ಫ್ಲಿಕ್ಸ್ ಕೈಗೆ ಬಂತು.

ತಾಯ್ತನದ ವಿಷಯದಲ್ಲಂತೂ ಎರಡೂ ಪೂರ್ತಿ ಬೇರೆ. ಅಲ್ಲಿಯದು ಒಂದು ಒಳ್ಳೆಯ ಸಂಸಾರ. ಲೋಕ ಹಾಳಾಗಿದೆ, ಮನೆ ಹಾಳಾಗಿಲ್ಲ. ಇಲ್ಲಿ ಮನೆ ಅನ್ನುವುದೇ ಇರಲಿಲ್ಲ.

ಕಾದಂಬರಿ ಓದಬೇಕಾ? ಏನು ವ್ಯತ್ಯಾಸ?

ಓದಿ. ಬರೆದವರು ಜಾಶ್ ಮ್ಯಾಲರ್‌ಮನ್. ಮಿಶಿಗನ್‌ನವರು, ರಾಕ್ ಬ್ಯಾಂಡ್ ಒಂದರಲ್ಲಿ ಹಾಡುವವರು. ಪುಸ್ತಕದ ಮ್ಯಾಲರಿ ಇನ್ನೂ ಒರಟು. ಮಕ್ಕಳು ಹುಟ್ಟಿದ ಮೇಲೆ ಅವರ ಕಣ್ಣನ್ನೇ ತೆಗೆದುಬಿಟ್ಟರೆ ಜೀವವಾದರೂ ಉಳಿಯುತ್ತದಲ್ಲ ಅಂತ ಯೋಚಿಸುವಷ್ಟು ದೂರ ಹೋಗುತ್ತಾಳೆ. ಅವಳು ಮಾಡುವುದಿಲ್ಲ. ಆದರೆ ಆ ಪುಟ ಓದುವಾಗ ಕೈ ತಣ್ಣಗಾಗುತ್ತದೆ. ಪುಸ್ತಕದ ಟಾಮ್ ಮಕ್ಕಳು ಹುಟ್ಟಿದ ದಿನವೇ ಸಾಯುತ್ತಾನೆ. ಅಂದರೆ ಅಷ್ಟೂ ವರ್ಷ ಅವಳು ಒಬ್ಬಳೇ. ಸಿನಿಮಾದವರು ಟಾಮ್‌ನನ್ನು ಉಳಿಸಿ ಸಂಸಾರದ ಒಂದಿಷ್ಟು ಬಿಸುಪು ಸೇರಿಸಿದ್ದಾರೆ. ಟ್ರೆವಾಂಟೆ ರೋಡ್ಸ್ ಪಾತ್ರವನ್ನು ಚೆನ್ನಾಗಿ ಮಾಡಿದ್ದಾರೆ, ಬೇಸರ ಇಲ್ಲ. ಆದರೂ ಒಂಟಿ ಹೆಂಗಸು ಎರಡು ಹಸುಗೂಸುಗಳನ್ನು ಕಣ್ಣು ಕಟ್ಟಿಕೊಂಡು ಸಾಕಿದ್ದು ಇನ್ನೂ ದೊಡ್ಡ ಕಥೆ.

ಕಣ್ಣು ಕಟ್ಟಿಕೊಂಡು ಓಡಾಡುವ ಚಾಲೆಂಜ್ ಏನಾಯಿತು?

ಜನರ ತಲೆ ಕೆಟ್ಟಿತು. ಅಡುಗೆ, ನಡಿಗೆ, ಕೊನೆಗೆ ಕಾರು. 2019ರ ಜನವರಿ 2ಕ್ಕೆ ನೆಟ್‌ಫ್ಲಿಕ್ಸ್ ತಾನೇ, ದಯವಿಟ್ಟು ಇದನ್ನು ಮಾಡಿ ಆಸ್ಪತ್ರೆ ಸೇರಬೇಡಿ ಅನ್ನುವ ಅರ್ಥದ ಟ್ವೀಟ್ ಹಾಕಬೇಕಾಯಿತು. ಅದೇ ತಿಂಗಳು ಅಮೆರಿಕದ ಯೂಟಾ ರಾಜ್ಯದ ಲೇಟನ್ ಊರಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಕಾರು ಓಡಿಸಿ ಇನ್ನೊಂದು ಕಾರಿಗೆ ಗುದ್ದಿದಳು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಪಾಯದ ಚಾಲೆಂಜ್ ವಿಡಿಯೊಗಳ ಮೇಲೆ ಯೂಟ್ಯೂಬ್ ನಿಯಮ ಬಿಗಿ ಮಾಡಿದ್ದೂ ಆ ತಿಂಗಳೇ.

ರೈಲು ದುರಂತದ ನಿಜವಾದ ವಿಡಿಯೊ ಬಳಸಿದ್ದರಂತೆ?

ಹೌದು, ಮತ್ತು ಅದು ತಪ್ಪು. 2013ರ ಜುಲೈ 6ರಂದು ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದ ನಡುವೆ ಕಚ್ಚಾ ತೈಲದ ರೈಲು ಹಳಿ ತಪ್ಪಿ ಉರಿದು 47 ಜನ ಸತ್ತಿದ್ದರು. ಟಿವಿ ಸುದ್ದಿಯ ದೃಶ್ಯಕ್ಕೆ ಅದರ ತುಣುಕನ್ನೇ ಹಾಕಿದ್ದರು. ವಿಡಿಯೊ ಮಾರುವ ಕಂಪನಿಯಿಂದ ಕೊಂಡದ್ದು. ಆ ಊರಿನವರು ನೋಡಿ ನೊಂದುಕೊಂಡರು. ನೆಟ್‌ಫ್ಲಿಕ್ಸ್ ಮೊದಲು ತೆಗೆಯಲು ಒಪ್ಪಲಿಲ್ಲ, ಮಾರ್ಚ್‌ನಲ್ಲಿ ಒಪ್ಪಿತು. ತಮ್ಮ ಮನೆಯವರು ಸತ್ತ ಬೆಂಕಿ ಸಿನಿಮಾದಲ್ಲಿ ಅಲಂಕಾರವಾಗಿ ಕಂಡರೆ ಯಾರು ಸಹಿಸುತ್ತಾರೆ?

ಎರಡನೇ ಭಾಗ ಇದೆಯಾ?

ಕಾದಂಬರಿಗೆ ಇದೆ. 2020ರಲ್ಲಿ ಬಂತು, ಹೆಸರು ಮ್ಯಾಲರಿ. ಸಿನಿಮಾದಲ್ಲಿ ಇದೇ ಲೋಕದ ಬೇರೆ ಕಥೆ ಬಂದಿದೆ, 2023ರ ಬರ್ಡ್ ಬಾಕ್ಸ್ ಬಾರ್ಸಿಲೋನಾ. ಸ್ಪೇನಿನದು, ಅಲ್ಲಿ ತಂದೆ ಮತ್ತು ಮಗಳು. ಯೋಚನೆ ಒಳ್ಳೆಯದು, ಮನಸ್ಸಿಗೆ ಅಷ್ಟಾಗಿ ತಟ್ಟಲಿಲ್ಲ.

ಹಕ್ಕಿಗಳು ಯಾಕೆ? ದೋಣಿ ಮಗುಚಿದರೂ ಅವು ಸಾಯಲಿಲ್ಲ ಹೇಗೆ?

ಜೀವಿ ಹತ್ತಿರ ಬಂದರೆ ಹಕ್ಕಿಗಳಿಗೆ ಮೊದಲು ಗೊತ್ತಾಗುತ್ತದೆ, ಗಲಾಟೆ ಮಾಡುತ್ತವೆ. ಇದಕ್ಕೊಂದು ಹಳೆಯ ಬೇರು ಇದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ವಿಷದ ಗಾಳಿ ಇದ್ದರೆ ಮನುಷ್ಯರಿಗಿಂತ ಮೊದಲು ಹಕ್ಕಿ ಕೆಳಗೆ ಬೀಳುತ್ತಿತ್ತು. 1986ರವರೆಗೂ ಇದು ನಡೆದಿತ್ತು, ಆಮೇಲೆ ಯಂತ್ರ ಬಂತು.

ಇನ್ನು ರಟ್ಟಿನಂಥ ಆ ಪೆಟ್ಟಿಗೆಯಲ್ಲಿ, ಅಷ್ಟು ರಭಸದ ನೀರಿಗೆ ಬಿದ್ದು, ಅವು ಬದುಕಿದ್ದು ಹೇಗೆ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಮನೆಯಲ್ಲಿ ಎಲ್ಲರೂ ಜೀವಿ ಏನು, ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡಿದ್ದಾಗ ನಮ್ಮಮ್ಮ ಕೇಳಿದ್ದು ಬೇರೆ. "ಅಲ್ಲ, ಎರಡು ದಿನ ಆ ಹಕ್ಕಿಗಳಿಗೆ ಕಾಳು ಹಾಕಿದ್ದು ಯಾರು?"